ನಿಮಗಿದು ಗೊತ್ತೇ? ಡೀಸೆಲ್ ಕುಡಿಯುವುದು ಭಾರವಲ್ಲ, ಗಾಳಿ!

ಅಮೆರಿಕದಲ್ಲಿ ಬೇಸಿಗೆ ರಜೆ ಶುರುವಾದರೆ ಸಾಕು, ಹೆದ್ದಾರಿಗಳ ತುಂಬ ಕ್ಯಾಂಪಿಂಗ್ ಟ್ರೈಲರ್‌ಗಳು. ಮುಂದೆ ದೊಡ್ಡ ಡೀಸೆಲ್ ಪಿಕಪ್ ಟ್ರಕ್, ಅದರ ಬೆನ್ನಿಗೆ ಮಂಚ, ಒಲೆ, ಬಚ್ಚಲು ಎಲ್ಲವೂ ಇರುವ ಗಾಲಿ ಮನೆ. ಸಂಜೆ ಕ್ಯಾಂಪ್‌ಗ್ರೌಂಡಿನಲ್ಲಿ ಇಬ್ಬರು ಟ್ರಕ್ಕಿನವರು ಎದುರಾದರೆ ಬರುವ ಮೊದಲ ಪ್ರಶ್ನೆ ನಮ್ಮೂರಿನ ಬೈಕಿನವರದ್ದೇ: ‘ಎಷ್ಟು ಕೊಡುತ್ತೆ?’ ಆ ಪ್ರಶ್ನೆಯ ಉತ್ತರ ಎಲ್ಲೆಲ್ಲಿ ಅಡಗಿದೆ ನೋಡಿ.

● ಖಾಲಿ ಓಡುವಾಗ ಹೆದ್ದಾರಿಯಲ್ಲಿ ಗ್ಯಾಲನ್‌ಗೆ 18ರಿಂದ 20 ಮೈಲಿ ಕೊಡುವ ಟ್ರಕ್, 3 ಟನ್ನಿನ ಟ್ರೈಲರ್ ಕಟ್ಟಿಕೊಂಡರೆ 10–12 ಮೈಲಿಗೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ 8 ಕಿ.ಮೀ. ಇದ್ದದ್ದು ನಾಲ್ಕೂವರೆಯ ಆಸುಪಾಸಿಗೆ ಬರುತ್ತದೆ. ಅಮೆರಿಕದ ಗ್ಯಾಲನ್ ಅಂದರೆ 3.785 ಲೀಟರ್. ಅವರ ಮೈಲೇಜನ್ನು 0.425ರಿಂದ ಗುಣಿಸಿದರೆ ನಮ್ಮ ಮೈಲೇಜ್ ಸಿಗುತ್ತದೆ.

● ಇಷ್ಟು ದುಬಾರಿ ಟ್ರಕ್ಕಿನ ಕಿಟಕಿಗೆ ಸರ್ಕಾರಿ ಮೈಲೇಜ್ ಚೀಟಿಯೇ ಅಂಟಿಸಿರುವುದಿಲ್ಲ! ಹೊರೆ ಸೇರಿ 8,500 ಪೌಂಡ್, ಅಂದರೆ ಸುಮಾರು 3,856 ಕಿಲೋ ಮೀರುವ ಪಿಕಪ್‌ಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಈ ಚೀಟಿ ಕಡ್ಡಾಯವಲ್ಲ. ಫೋರ್ಡ್ ಎಫ್-250, ರ‍್ಯಾಮ್ 2500, ಶೆವ್ರೊಲೆ ಸಿಲ್ವರಾಡೊ 2500, ಮೂರೂ ಈ ಗೆರೆಯ ಆಚೆಗಿವೆ. ಕೊಳ್ಳುವವರು ಮಾಲೀಕರ ಬಾಯಿಮಾತನ್ನು, ತಮ್ಮ ತಮ್ಮ ಲೆಕ್ಕದ ಪುಸ್ತಕವನ್ನು ನಂಬಿಕೊಂಡೇ ಬಂದಿದ್ದಾರೆ.

● ಈಗ ಮುಖ್ಯ ವಿಷಯ. ಟ್ರೈಲರ್ ಭಾರ ಇದೆ, ಅದಕ್ಕೇ ಮೈಲೇಜ್ ಬೀಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಮತಟ್ಟಾದ ಹೆದ್ದಾರಿಯ ಮಟ್ಟಿಗೆ ಅದು ತಪ್ಪು. ಟ್ರಕ್ಕೂ ಟ್ರೈಲರೂ ಸೇರಿ ಆರೂವರೆ ಟನ್ ಎಂದಿಟ್ಟುಕೊಳ್ಳಿ. ಅಷ್ಟನ್ನು ಉರುಳಿಸಿಕೊಂಡು ಹೋಗಲು ಟೈರ್‌ಗಳು ಕೇಳುವ ಬಲ ಸುಮಾರು 640 ನ್ಯೂಟನ್. ಆದರೆ ಗಂಟೆಗೆ 65 ಮೈಲಿ (105 ಕಿ.ಮೀ.) ವೇಗದಲ್ಲಿ ಏಳು ಚದರ ಮೀಟರಿನಷ್ಟು ಅಗಲದ ಆ ಮೂತಿಯನ್ನು ಗಾಳಿಗೆ ಒಡ್ಡಿಕೊಂಡು ನುಗ್ಗಲು ಬೇಕಾಗುವ ಬಲ 2,100 ನ್ಯೂಟನ್ ದಾಟುತ್ತದೆ. ಅಂದರೆ ಎಂಜಿನ್ ಪಡುವ ಪಾಡಿನಲ್ಲಿ ಮುಕ್ಕಾಲು ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಯಿತು. ಮಿಕ್ಕ ಕಾಲು ಪಾಲು ಮಾತ್ರ ತೂಕದ್ದು.

● ಟ್ರೈಲರಿನ ಸಿಹಿನೀರಿನ ಟ್ಯಾಂಕು ತುಂಬಿದ್ದರೆ ಸುಮಾರು 190 ಕಿಲೋ ಹೆಚ್ಚುವರಿ ಹೊರೆ. ಮೈಲೇಜ್ ಉಳಿಸಲೆಂದು ಅದನ್ನು ಖಾಲಿ ಮಾಡಿಕೊಂಡೇ ಹೊರಡುವವರಿದ್ದಾರೆ. ಮಟ್ಟಸ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದರಿಂದ ಸಿಗುವ ಉಳಿತಾಯ ಶೇ. 1ಕ್ಕಿಂತ ಕಡಿಮೆ. ವೇಗವನ್ನು 65ರಿಂದ 63 ಮೈಲಿಗೆ ಇಳಿಸಿದರೆ ಅದರ ಹಲವು ಪಟ್ಟು ಉಳಿಯುತ್ತದೆ.

● ಈ ಭಾರ–ಗಾಳಿ ವಿಚಾರ ನಿಜವೋ ಸುಳ್ಳೋ ಎಂಬುದನ್ನು ಒಬ್ಬನೇ ಒಬ್ಬ ಸೈಕಲ್ ಸವಾರ ಎರಡೂ ಕಡೆಯಿಂದ ತೋರಿಸಿಕೊಟ್ಟಿದ್ದಾನೆ. ಹೆಸರು ಆಲ್ಫ್ರೆಡ್ ಲೆಟೂರ್ನರ್, ಫ್ರಾನ್ಸಿನವನು. 1947ರಲ್ಲಿ ಏರ್‌ಸ್ಟ್ರೀಮ್ ಕಂಪನಿ ತೆಗೆಸಿದ ಒಂದು ಫೋಟೊ ಇದೆ. ಬೆಳ್ಳಿ ಬಣ್ಣದ ಇಡೀ ಟ್ರೈಲರನ್ನು ಈತ ಸೈಕಲ್ಲಿಗೆ ಕಟ್ಟಿ ಪೆಡಲ್ ತುಳಿದು ಎಳೆಯುತ್ತಿದ್ದಾನೆ. ಟ್ರೈಲರ್ ಎಷ್ಟು ಹಗುರ ನೋಡಿ ಎಂಬುದು ಕಂಪನಿಯ ಜಾಹೀರಾತು. ವೇಗ ಕಡಿಮೆಯಿದ್ದಾಗ ಗಾಳಿಯ ಕಾಟವೇ ಇರುವುದಿಲ್ಲ, ಗಾಲಿಯ ಮೇಲಿರುವ ಭಾರ ಎಳೆಯಲು ಮನುಷ್ಯನ ಕಾಲೂ ಸಾಕು ಎಂಬುದು ಅದೇ ಚಿತ್ರ ಹೇಳುವ ಇನ್ನೊಂದು ಮಾತು.

ಇದೇ ಲೆಟೂರ್ನರ್ ಅದಕ್ಕೂ ಆರು ವರ್ಷ ಹಿಂದೆ, 1941ರ ಮೇ 17ರಂದು, ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಬಳಿ ಸೈಕಲ್ಲಿನ ಮೇಲೆ ಗಂಟೆಗೆ 108.92 ಮೈಲಿ ವೇಗದಲ್ಲಿ ಹೋಗಿದ್ದ. 175 ಕಿಲೋಮೀಟರ್! ಗುಟ್ಟು ಇಷ್ಟೆ: ಅವನ ಮುಂದೆ ಒಂದು ರೇಸ್ ಕಾರು ಓಡುತ್ತಿತ್ತು, ಅದರ ಹಿಂಬದಿಗೆ ಗಾಳಿ ತಡೆಯುವ ಮರೆ ಕಟ್ಟಿದ್ದರು. ಗಾಳಿಯನ್ನು ಬೇರೆಯವರು ಸೀಳಿಕೊಟ್ಟರೆ ಮನುಷ್ಯನ ತೊಡೆಗಳಲ್ಲಿರುವ ಶಕ್ತಿಯೇ ಅಷ್ಟು ವೇಗಕ್ಕೆ ಸಾಲುತ್ತದೆ. ಹಾಗೆಂದು ಹೆದ್ದಾರಿಯಲ್ಲಿ ದೊಡ್ಡ ಲಾರಿಯ ಬಾಲಕ್ಕೆ ಅಂಟಿಕೊಂಡು ಹೋಗುವ ಕೆಲಸ ಯಾರೂ ಮಾಡಬಾರದು. ಆರೂವರೆ ಟನ್ ನಿಲ್ಲಿಸಲು ಬೇಕಾದ ದೂರ ಅಲ್ಲಿ ಇರುವುದಿಲ್ಲ.

● ಗಾಳಿ ಟ್ರೈಲರಿಗೆ ಎಲ್ಲಿ ಬಡಿಯುತ್ತದೆ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಬೇಸಿಗೆಯಲ್ಲಿ ದಿನವಿಡೀ ಓಡಿ ನಿಂತ ಟ್ರೈಲರಿನ ಮುಂಗೋಡೆ ನೋಡಿ. ಟ್ರಕ್ಕಿನ ಚಾವಣಿಯ ಎತ್ತರದವರೆಗೆ ಗೋಡೆ ಹೆಚ್ಚುಕಡಿಮೆ ಶುಭ್ರ. ಅದರಿಂದ ಮೇಲಕ್ಕೆ, ಗೆರೆ ಎಳೆದ ಹಾಗೆ, ಅಪ್ಪಳಿಸಿ ಸತ್ತ ಹುಳಗಳ ಕಲೆ: ಹಳದಿ, ಹಸಿರು, ರೆಕ್ಕೆಯ ಚೂರು. ಬಲಕ್ಕೂ ಎಡಕ್ಕೂ ಟ್ರಕ್ಕಿನ ಅಗಲ ಮೀರಿದ ಅಂಚುಗಳಲ್ಲಿ ಅದೇ ಕಲೆ. ಡೀಸೆಲ್ ಖರ್ಚಾಗುವ ಜಾಗದ ನಕ್ಷೆ ಅದು. ಟ್ರಕ್ಕು ಸೀಳಿದ ಗಾಳಿಯ ಮರೆಯಲ್ಲಿ ಎಷ್ಟು ಭಾಗ ಅಡಗಿದೆ, ಎಷ್ಟು ಹೊರಗೆ ಚಾಚಿದೆ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಟ್ರೈಲರ್ ಕೊಳ್ಳಲು ಹೋದವರು ತೂಕದ ಫಲಕ ಓದುವುದಕ್ಕೂ ಮುಂಚೆ ಟ್ರಕ್ಕನ್ನು ಅದರ ಮುಂದೆ ನಿಲ್ಲಿಸಿ, ಚಾವಣಿಗಿಂತ ಎಷ್ಟು ಅಡಿ ಗೋಡೆ ಮೇಲೆದ್ದಿದೆ ಎಂದು ನೋಡಬೇಕು.

● ಇನ್ನೊಬ್ಬ ಸೈಕಲ್ ಸವಾರನ ಕತೆ. ನಾಸಾದ ಎಂಜಿನಿಯರ್ ಎಡ್ವಿನ್ ಸಾಲ್ಟ್ಸ್‌ಮನ್ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿದ್ದ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವಾಗ, ಪಕ್ಕದಲ್ಲಿ ದೊಡ್ಡ ಲಾರಿ ಹಾದರೆ ಮೊದಲು ಗಾಳಿ ದೂಡುತ್ತಿತ್ತು, ಆಮೇಲೆ ಸೆಳೆಯುತ್ತಿತ್ತು. ವಿಮಾನದ ಗಾಳಿಸೆಳೆತ ಅಳೆಯುವುದೇ ಕಸುಬಾಗಿದ್ದ ಮನುಷ್ಯ. ಲಾರಿಯದ್ದೂ ಅಳೆಯೋಣ ಎಂದು 1973ರ ಸುಮಾರಿಗೆ ನಾಸಾದವರು ಒಂದು ಹಳೆಯ ವ್ಯಾನಿಗೆ ಸುತ್ತ ಅಲ್ಯೂಮಿನಿಯಂ ತಗಡು ಹೊದಿಸಿ, ಎಲ್ಲ ಮೂಲೆ ಚೂಪಾಗಿರುವ ಪಕ್ಕಾ ಡಬ್ಬ ಮಾಡಿದರು. ಓಡಿಸಿ ಅಳೆದರು. ಆಮೇಲೆ ಒಂದೊಂದೇ ಅಂಚನ್ನು ದುಂಡಗೆ ಮಾಡುತ್ತ ಮತ್ತೆ ಮತ್ತೆ ಅಳೆದರು. ಮುಂದಿನ ಅಂಚುಗಳನ್ನೆಲ್ಲ ದುಂಡಗೆ ಮಾಡಿದಾಗ ಗಾಳಿಯ ಎಳೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಒಳಗಿನ ಜಾಗ ಹೋದದ್ದು ಅತ್ಯಲ್ಪ. ಇಂದು ಅಮೆರಿಕದ ಲಾರಿಗಳ ತಲೆಯ ಮೇಲೆ, ಮೂಲೆಗಳಲ್ಲಿ ಕಾಣುವ ದುಂಡು ಹೊದಿಕೆಗಳ ಹಿಂದೆ ಈ ಕೆಲಸವಿದೆ. ಇಷ್ಟಾಗಿಯೂ ಚೂಪು ಮೂಲೆಯ ಚೌಕ ಟ್ರೈಲರ್‌ಗಳನ್ನು ಇವತ್ತಿಗೂ ಮಾಡಿ ಮಾರುತ್ತಿರುವುದು ನನಗೆ ಬೇಸರದ ಸಂಗತಿ. ಒಳಗೆ ಒಂದು ಬೀರು ಹೆಚ್ಚಿಗೆ ಕೂರುತ್ತದೆ, ಮಾಡುವುದು ಅಗ್ಗ. ಮಿಕ್ಕ ಬೆಲೆಯನ್ನು ಕೊಂಡವರು ಪಂಪಿನಲ್ಲಿ ವರ್ಷಾನುಗಟ್ಟಲೆ ತೆರುತ್ತಾರೆ.

● ಗಾಳಿಯ ಮಹಿಮೆ ಮೊದಲು ಅರಿತವರು ವಿಮಾನದವರು. ವಿಮಾನ ತಯಾರಿಕೆಯ ಆದ್ಯರಲ್ಲಿ ಒಬ್ಬರಾದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಗೇ ‘ಏರೋಕಾರ್’ ಎಂಬ ಟ್ರೈಲರ್ ತಂದಿದ್ದರು. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನ ಕಟ್ಟಿದ ತಂಡದಲ್ಲಿದ್ದ ಹಾಲಿ ಬೌಲಸ್ 1934ರಲ್ಲಿ ‘ರೋಡ್ ಚೀಫ್’ ಮಾಡಿದರು. ಅದೇ ವಿನ್ಯಾಸದ ಜಾಡಿನಲ್ಲಿ 1936ರಲ್ಲಿ ವಾಲಿ ಬಯಾಮ್ ಅವರ ಏರ್‌ಸ್ಟ್ರೀಮ್ ‘ಕ್ಲಿಪ್ಪರ್’ ಬಂತು. ಬೆಲೆ 1,200 ಡಾಲರ್, ಮಲಗಲು ನಾಲ್ವರಿಗೆ ಜಾಗ. ರಿವೆಟ್ ಹೊಡೆದ ಆ ದುಂಡು ಅಲ್ಯೂಮಿನಿಯಂ ಮೈ ಇವತ್ತಿಗೂ ಓಹಾಯೊ ರಾಜ್ಯದ ಜ್ಯಾಕ್ಸನ್ ಸೆಂಟರಿನಲ್ಲಿ ತಯಾರಾಗುತ್ತಿದೆ.

● ವೇಗ ಹೆಚ್ಚಿಸಿದರೆ ಗಾಳಿಯ ಎಳೆತ ಅದರ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ನಿನಿಂದ ಕೇಳುವ ಶಕ್ತಿಯೋ, ಘನಕ್ಕೆ ಅನುಗುಣವಾಗಿ. ಕಾಗದದ ಮೇಲೆ ಇದು ಸೂತ್ರ, ಬಂಕಿನಲ್ಲಿ ನೋಟು. 1,000 ಮೈಲಿಯ (1,609 ಕಿ.ಮೀ.) ಪ್ರವಾಸ ಎಂದಿಟ್ಟುಕೊಂಡು, ಮೇಲೆ ಹೇಳಿದ ಆರೂವರೆ ಟನ್ನಿನ ಜೋಡಿಗೆ ಲೆಕ್ಕ ಹಾಕಿದರೆ ಹೀಗಾಗುತ್ತದೆ. ಗಂಟೆಗೆ 55 ಮೈಲಿಯಲ್ಲಿ ಹೋದರೆ ಸುಮಾರು 71 ಗ್ಯಾಲನ್ ಡೀಸೆಲ್, 18 ಗಂಟೆ ಚಾಲನೆ. 65ರಲ್ಲಿ ಹೋದರೆ 91 ಗ್ಯಾಲನ್, ಹದಿನೈದೂವರೆ ಗಂಟೆ. 75ರಲ್ಲಿ ಹೋದರೆ 114 ಗ್ಯಾಲನ್, ಹದಿಮೂರೂ ಚಿಲ್ಲರೆ ಗಂಟೆ. 65ರಿಂದ 75ಕ್ಕೆ ಏರಿ ಎರಡು ಗಂಟೆ ಗಳಿಸಲು ಸುಟ್ಟದ್ದು 23 ಗ್ಯಾಲನ್, ಅಂದರೆ 87 ಲೀಟರ್. ಹೋಗಿ ಬರುವ ಲೆಕ್ಕಕ್ಕೆ ಇದರ ಎರಡರಷ್ಟು.

● ತೈಲ ಬಿಕ್ಕಟ್ಟಿನ ಕಾಲದಲ್ಲಿ, 1974ರಲ್ಲಿ, ಅಮೆರಿಕ ದೇಶಾದ್ಯಂತ 55 ಮೈಲಿಯ ವೇಗಮಿತಿ ತಂದಿತು. 1995ರಲ್ಲಿ ಅದು ರದ್ದಾಯಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ವಾಹನಕ್ಕೆ ಇವತ್ತಿಗೂ ಮಿತಿ 55ರಲ್ಲೇ ಇದೆ.

● ಎಲ್ಲ ಟೈರೂ ಒಂದೇ ಅಲ್ಲ. ಟ್ರೈಲರಿಗೆಂದೇ ಮಾಡಿದ ‘ಎಸ್‌ಟಿ’ ಟೈರ್‌ಗಳಲ್ಲಿ ಹಲವಕ್ಕೆ ಗರಿಷ್ಠ ವೇಗ 65 ಮೈಲಿ. ಟ್ರಕ್ಕಿಗೆ 80 ಓಡುವ ತಾಕತ್ತು ಇದ್ದರೂ ಹಿಂದಿನ ಟೈರಿಗೆ ಅದು ಇರುವುದಿಲ್ಲ. ಗಾಳಿ ಕಡಿಮೆಯಾದರೆ ಟೈರ್ ಬಿಸಿಯೇರಿ ಸಿಡಿಯುವ ಭಯ ಒಂದು ಕಡೆ, ಮೈಲೇಜ್ ಸೋರಿಕೆ ಇನ್ನೊಂದು ಕಡೆ. ಎಲ್ಲ ಟೈರ್‌ಗಳಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ.

● ಎದುರುಗಾಳಿಯೂ ವೇಗವೇ. ನೀವು 65ರಲ್ಲಿ ಹೋಗುತ್ತಿದ್ದೀರಿ, ಎದುರಿನಿಂದ ಗಂಟೆಗೆ 15 ಮೈಲಿಯ ಗಾಳಿ ಬೀಸುತ್ತಿದೆ. ಟ್ರೈಲರಿನ ಗೋಡೆಗೆ ಅದು 80 ಮೈಲಿಯ ಗಾಳಿ. ಎಳೆತ ಒಂದೂವರೆ ಪಟ್ಟು. ನೆಬ್ರಾಸ್ಕ, ವಯೋಮಿಂಗ್ ಕಡೆಯ ಬಯಲಿನಲ್ಲಿ ಪಶ್ಚಿಮಕ್ಕೆ ಹೊರಟವರ ಮೈಲೇಜ್ ಕುಸಿದು, ಅದೇ ದಾರಿಯಲ್ಲಿ ಪೂರ್ವಕ್ಕೆ ಮರಳುವಾಗ ಚೇತರಿಸುವುದಕ್ಕೆ ಕಾರಣ ಇದೇ. ಟ್ರಕ್ಕು ಕೆಟ್ಟಿದೆಯೆಂದು ಗ್ಯಾರೇಜಿಗೆ ಹೋಗುವ ಮೊದಲು ಹವಾಮಾನ ವರದಿ ನೋಡುವುದು ಒಳ್ಳೆಯದು.

● ಚಳಿಗಾಲದಲ್ಲಿ ಮೈಲೇಜ್ ಬೀಳುವುದಕ್ಕೂ ಅರ್ಧ ಕಾರಣ ಗಾಳಿಯೇ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಗಾಳಿ, 30 ಡಿಗ್ರಿಯ ಗಾಳಿಗಿಂತ ಶೇ. 15ರಷ್ಟು ದಟ್ಟ. ಜತೆಗೆ ಚಳಿಗೆ ಗಟ್ಟಿಕಟ್ಟದಂತೆ ಬೆರಕೆ ಮಾಡಿದ ಚಳಿಗಾಲದ ಡೀಸೆಲ್‌ನಲ್ಲಿ ಶಕ್ತಿಯೂ ಸ್ವಲ್ಪ ಕಡಿಮೆ. ಎತ್ತರದ ಊರುಗಳಲ್ಲಿ ಇದು ತಿರುಗಾಮುರುಗಾ. 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಗಾಳಿ ಶೇ. 15ರಷ್ಟು ತೆಳು. ಟರ್ಬೊ ಇರುವುದರಿಂದ ಡೀಸೆಲ್ ಎಂಜಿನ್ನಿಗೆ ಉಸಿರು ಕಟ್ಟುವುದಿಲ್ಲ. ಟ್ರೈಲರಿಗೆ ಮಾತ್ರ ದಾರಿ ಸಲೀಸು.

● ಭಾರದ ಆಟ ಶುರುವಾಗುವುದು ಘಟ್ಟ ಬಂದಾಗ. ಆರೂವರೆ ಟನ್ನನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು, ಗಾಳಿಯ ಖರ್ಚು ಬಿಟ್ಟು, ಸುಮಾರು ನಾಲ್ಕೂವರೆಯಿಂದ 5 ಲೀಟರ್ ಡೀಸೆಲ್ ಬೇಕು. ಡೆನ್ವರ್‌ನಿಂದ ಕೊಲರಾಡೊದ ಐಸೆನ್‌ಹೋವರ್ ಸುರಂಗದ ತುದಿಗೆ, ಅಂದರೆ 3,401 ಮೀಟರಿಗೆ, ಏರುವಾಗ 8 ಲೀಟರ್ ಬರೀ ಎತ್ತರಕ್ಕೇ ಹೋಗುತ್ತದೆ. ಟ್ರಕ್ಕುಗಳ ಎಳೆಯುವ ತಾಕತ್ತು ಅಳೆಯಲು ಎಸ್‌ಎಇ ಎಂಜಿನಿಯರುಗಳ ಸಂಘ ರೂಪಿಸಿದ ಜೆ2807 ಪರೀಕ್ಷೆಗೆ ಆಧಾರವಾಗಿರುವುದು ಇನ್ನೊಂದು ಘಟ್ಟ, ಅರಿಜೋನದ ಡೇವಿಸ್ ಡ್ಯಾಮ್ ಏರು. ಸುಡುಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, 11 ಮೈಲಿಗೂ ಹೆಚ್ಚು ದೂರ, ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯದೆ ಹತ್ತಬೇಕು. ಹಿಂದೆ ಜೋಡಿಗಾಲಿ ಇದ್ದರೆ 35.

● ಏರಿನಲ್ಲಿ ಕ್ರೂಸ್ ಕಂಟ್ರೋಲ್ ಹಾಕಿಟ್ಟರೆ ಅದು ಹಟ ಹಿಡಿದು ಅದೇ ವೇಗ ಉಳಿಸಿಕೊಳ್ಳಲು ಗೇರ್ ಇಳಿಸಿ ಡೀಸೆಲ್ ಸುರಿಯುತ್ತದೆ. ಅನುಭವಸ್ಥರು ದಿಣ್ಣೆಯಲ್ಲಿ ನಾಲ್ಕೈದು ಮೈಲಿ ವೇಗ ಬಿಟ್ಟುಕೊಟ್ಟು, ಇಳಿಜಾರಿನಲ್ಲಿ ಅದನ್ನು ಬಿಟ್ಟಿಯಾಗಿ ವಾಪಸ್ ಪಡೆಯುತ್ತಾರೆ.

● ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಡೀಸೆಲ್ ಎಂಜಿನ್ ಒಂದು ಹನಿಯನ್ನೂ ಸುಡುವುದಿಲ್ಲ. ನ್ಯೂಟ್ರಲ್ ಮಾಡಿ ಇಳಿಸಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಹಳೆಯ ಭ್ರಮೆ. ಉಳಿಯುವುದೂ ಇಲ್ಲ, ಬ್ರೇಕಿನ ಮೇಲೆ ಪ್ರಾಣವನ್ನು ತೂಗುಹಾಕಿದಂತಾಗುತ್ತದೆ.

ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯ ದಾರಿ ಮುಚ್ಚಿಕೊಳ್ಳುವ ಬಾಗಿಲು ಡೀಸೆಲ್‌ನಲ್ಲಿ ಇರುವುದಿಲ್ಲ. ಆದ್ದರಿಂದ ಅದರ ಸಹಜ ಎಂಜಿನ್ ಬ್ರೇಕ್ ದುರ್ಬಲ. ಇದರ ಬಿಸಿ ತಟ್ಟಿದ್ದು ಸ್ವತಃ ಕ್ಲೆಸಿ ಕಮಿನ್ಸ್ ಅವರಿಗೆ. ಕಮಿನ್ಸ್ ಎಂಜಿನ್ ಕಂಪನಿಯ ಸ್ಥಾಪಕ. 1931ರಲ್ಲಿ ತಮ್ಮ ಡೀಸೆಲ್ ಲಾರಿಯಲ್ಲಿ ಅಮೆರಿಕ ದಾಟುತ್ತ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಕೆಳಗೆ ರೈಲು ದಾಟು, ಅಲ್ಲಿ ಗೂಡ್ಸ್ ರೈಲು ಹೋಗುತ್ತಿದೆ. ಕೂದಲೆಳೆಯಲ್ಲಿ ಬದುಕಿದರು. ಎಂಜಿನ್ನನ್ನೇ ಬ್ರೇಕ್ ಮಾಡಬೇಕೆಂಬ ಯೋಚನೆ ಅವರನ್ನು ಬಿಡಲಿಲ್ಲ. ದಶಕಗಳ ನಂತರ ಅವರು ರೂಪಿಸಿದ ಎಂಜಿನ್ ಬ್ರೇಕನ್ನು ಜೇಕಬ್ಸ್ ಕಂಪನಿ 1961ರಿಂದ ತಯಾರಿಸಿತು. ಇಂದಿನ ಪಿಕಪ್‌ಗಳಲ್ಲಿ ಅದರ ಬದಲು ಹೊಗೆಯ ದಾರಿಯನ್ನು ಬಿಗಿಹಿಡಿಯುವ ಎಕ್ಸಾಸ್ಟ್ ಬ್ರೇಕ್ ಇದೆ. ರ‍್ಯಾಮ್‌ನ 6.7 ಲೀಟರ್ ಎಂಜಿನ್ನಿನಲ್ಲಿ ಆ ಕೆಲಸವನ್ನು ಟರ್ಬೊವೇ ಮಾಡುತ್ತದೆ.

● ಇದೇ ಕ್ಲೆಸಿ ಕಮಿನ್ಸ್ 1930ರ ಜನವರಿಯಲ್ಲಿ ಒಂದು ಪ್ಯಾಕರ್ಡ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕಿಗೆ ಓಡಿಸಿದರು. ದೂರ 792 ಮೈಲಿ. ಇಂಧನದ ಖರ್ಚು 1 ಡಾಲರ್ 38 ಸೆಂಟ್. ಮಹಾಕುಸಿತದ ದಿನಗಳಲ್ಲಿ ಕಂಪನಿಗೆ ಜೀವ ತುಂಬಿದ ಪ್ರವಾಸ ಅದು.

● ಡೀಸೆಲ್ಲೇ ಏಕೆ? ಒಂದು ಗ್ಯಾಲನ್ ಡೀಸೆಲ್‌ನಲ್ಲಿ ಅಮೆರಿಕದ ಪೆಟ್ರೋಲಿಗಿಂತ ಶೇ. 14ರಷ್ಟು ಹೆಚ್ಚು ಶಕ್ತಿಯಿದೆ. ಗಾಳಿಯನ್ನು ಹೆಚ್ಚು ಒತ್ತಿ ಉರಿಸುವುದರಿಂದ ಆ ಶಕ್ತಿಯ ಹೆಚ್ಚಿನ ಪಾಲು ಗಾಲಿಗೆ ಬರುತ್ತದೆ. ಮೂರನೆಯ ಕಾರಣ ಟ್ರೈಲರ್ ಎಳೆಯುವವರಿಗಷ್ಟೇ ಗೊತ್ತು: ಭಾರ ಜಗ್ಗುವಾಗ ಪೆಟ್ರೋಲ್ ಎಂಜಿನ್ ತನ್ನ ಬಿಸಿ ತಡೆಯಲಿಕ್ಕೆಂದೇ ಹೆಚ್ಚುವರಿ ಪೆಟ್ರೋಲ್ ಸುರಿಯಬೇಕಾಗುತ್ತದೆ. ಡೀಸೆಲ್‌ಗೆ ಆ ಗತಿ ಇಲ್ಲ. ಖಾಲಿ ಓಡುವುದಕ್ಕಿಂತ ಹದವಾದ ಹೊರೆ ಇದ್ದಾಗಲೇ ಅದರ ದಕ್ಷತೆ ಚೆನ್ನಾಗಿರುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನೇ ಇಂಧನದ ಶೇ. 26ನ್ನು ಕೆಲಸಕ್ಕೆ ತಿರುಗಿಸಿತ್ತು. ಅಂದಿನ ಉಗಿಯಂತ್ರಗಳು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ.

● 1989ರ ಡಾಜ್ ರ‍್ಯಾಮ್ ಪಿಕಪ್‌ಗೆ ಬಂದ 5.9 ಲೀಟರಿನ ಕಮಿನ್ಸ್ ಡೀಸೆಲ್‌ನ ಶಕ್ತಿ 160 ಅಶ್ವಶಕ್ತಿ. 2023ರ ಫೋರ್ಡ್ ಸೂಪರ್ ಡ್ಯೂಟಿಯ ಬಲಿಷ್ಠ ಪವರ್ ಸ್ಟ್ರೋಕ್‌ನದ್ದು 500. ಟ್ರೈಲರ್ ಎಳೆದುಕೊಂಡು ಮಟ್ಟಸ ರಸ್ತೆಯಲ್ಲಿ 65 ಮೈಲಿಯಲ್ಲಿ ಹೋಗಲು ಬೇಕಾದದ್ದು ನೂರು ಚಿಲ್ಲರೆ. ಮಿಕ್ಕಿದ್ದೆಲ್ಲ ಏರಿಗೆ, ಓವರ್‌ಟೇಕಿಗೆ.

● ಆ 1989ರ ಎಂಜಿನ್ನಿಗೆ ಡೀಸೆಲ್ ಊಡುತ್ತಿದ್ದುದು ಬಾಷ್ ಕಂಪನಿಯ ಪಂಪು. ಅದೇ ಬಾಷ್‌ನ ಸಹಯೋಗದಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆ ನಮ್ಮ ದೇಶದ ಲಾರಿ, ಟ್ರ್ಯಾಕ್ಟರ್‌ಗಳಿಗೆ ಇಂಥ ಪಂಪುಗಳನ್ನು ಮಾಡಿಕೊಟ್ಟಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ಬೆಂಗಳೂರಿನವರ ಬಾಯಲ್ಲಿ ಅದು ಇನ್ನೂ ಮೈಕೋ.

● ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅಮೆರಿಕದ ಡೀಸೆಲ್ ಪಿಕಪ್‌ಗಳಿಗೆ ಬಂದದ್ದು 2007ರ ನಿಯಮಗಳಿಂದ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಬಳಸಿ, ಸುಮಾರು 600 ಡಿಗ್ರಿ ಶಾಖದಲ್ಲಿ ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಆ ಹೊತ್ತಿಗೆ ಮೈಲೇಜ್ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಖುಷಿಯ ಸಂಗತಿಯೆಂದರೆ ಟ್ರೈಲರ್ ಜಗ್ಗುವಾಗ ಹೊಗೆಯೇ ಸಾಕಷ್ಟು ಬಿಸಿಯಿರುವುದರಿಂದ ಬಹುಪಾಲು ಮಸಿ ತಾನಾಗಿಯೇ ಉರಿದುಹೋಗುತ್ತದೆ. ಊರೊಳಗೆ ತರಕಾರಿ ತರಲು ಮಾತ್ರ ಬಳಸುವ ಟ್ರಕ್ಕಿಗೇ ಈ ಫಿಲ್ಟರಿನ ಕಾಟ ಹೆಚ್ಚು.

● ಹೊಗೆಯನ್ನು ಶುದ್ಧಿ ಮಾಡಲೆಂದೇ ಟ್ರಕ್ಕಿನ ಇನ್ನೊಂದು ಟ್ಯಾಂಕಿನಲ್ಲಿ ಯೂರಿಯಾ ದ್ರಾವಣವಿದೆ: ಶೇ. 32.5 ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಸೊನ್ನೆಗಿಂತ 11 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಎಂಜಿನ್ ಎಷ್ಟು ದುಡಿದರೆ ಇದೂ ಅಷ್ಟು ಬೇಗ ಖಾಲಿ. ಪ್ರವಾಸದ ಖರ್ಚು ಬರೆಯುವವರು ಇದನ್ನು ಮರೆಯುವುದೇ ಹೆಚ್ಚು.

● ಮೈಲೇಜ್ ಹೆಚ್ಚುತ್ತದೆಂದು ಈ ಉಪಕರಣಗಳನ್ನೆಲ್ಲ ಕಿತ್ತುಹಾಕಿಸುವವರಿದ್ದಾರೆ. ಅಮೆರಿಕದಲ್ಲಿ ಅದು ಕಾನೂನುಬಾಹಿರ. ಕಾಯ್ದೆ ಎಷ್ಟು ಬಿಗಿಯೆಂದರೆ, 2013ರಿಂದ 2019ರವರೆಗಿನ ಸುಮಾರು 6.3 ಲಕ್ಷ ರ‍್ಯಾಮ್ ಟ್ರಕ್ಕುಗಳ ಎಂಜಿನ್ನಿನಲ್ಲಿ ಮಾಲಿನ್ಯ ಪರೀಕ್ಷೆ ತಪ್ಪಿಸುವ ಸಾಧನವಿತ್ತೆಂಬ ಸರ್ಕಾರದ ಆರೋಪದ ಮೇಲೆ, 2024ರ ಜನವರಿಯಲ್ಲಿ ದಾಖಲಾದ ಒಪ್ಪಂದದಂತೆ ಕಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಕ್ಯಾಂಪ್‌ಗ್ರೌಂಡಿನಲ್ಲಿ ಪಕ್ಕದ ಟೆಂಟಿನ ಮಗು ಉಸಿರಾಡುವ ಗಾಳಿಯ ಮುಂದೆ ಅರ್ಧ ಮೈಲಿ ಮೈಲೇಜ್ ಯಾವ ಲೆಕ್ಕ?

● ಅಮೆರಿಕದ ಬಂಕುಗಳಲ್ಲಿ ಡೀಸೆಲ್ ನಳಿಗೆಯ ಹಿಡಿ ಬಹುಮಟ್ಟಿಗೆ ಹಸಿರು. ಆದರೆ ಬಿಪಿ ಬಂಕಿನಲ್ಲಿ ಪೆಟ್ರೋಲಿನ ಹಿಡಿಯೇ ಹಸಿರು! ಬಣ್ಣ ನಂಬದೆ ಫಲಕ ಓದಬೇಕು. ಡೀಸೆಲ್‌ನ ದಪ್ಪ ನಳಿಗೆ ಪೆಟ್ರೋಲ್ ಕಾರಿನ ಬಾಯಿಗೆ ಹಿಡಿಸುವುದಿಲ್ಲ. ಪೆಟ್ರೋಲಿನ ಸಣ್ಣ ನಳಿಗೆ ಮಾತ್ರ ಡೀಸೆಲ್ ಟ್ಯಾಂಕಿಗೆ ಸರಾಗವಾಗಿ ಇಳಿಯುತ್ತದೆ. ಅಧಿಕ ಒತ್ತಡದ ಪಂಪಿಗೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಹೋದರೆ ಪಂಪು ಒಣಗಿ ತೇಯ್ದು, ಲೋಹದ ಪುಡಿ ಇಡೀ ಇಂಧನ ವ್ಯವಸ್ಥೆಗೆ ಹರಡುತ್ತದೆ.

● ಕೆಂಪು ಡೀಸೆಲ್ ಕಂಡಿದ್ದೀರಾ? ಹೊಲದ ಯಂತ್ರಗಳಿಗೆ ರಸ್ತೆ ತೆರಿಗೆ ಇಲ್ಲದೆ ಮಾರುವ ಡೀಸೆಲ್‌ಗೆ ಅಮೆರಿಕದಲ್ಲಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಟ್ರಕ್ಕಿನ ಟ್ಯಾಂಕಿನಲ್ಲಿ ಕೆಂಪು ಸಿಕ್ಕರೆ ಕನಿಷ್ಠ 1,000 ಡಾಲರ್ ಫೆಡರಲ್ ದಂಡ. ರಸ್ತೆಯ ಡೀಸೆಲ್ ಮೇಲೆ ಗ್ಯಾಲನ್‌ಗೆ 24.4 ಸೆಂಟ್ ಫೆಡರಲ್ ತೆರಿಗೆ, ಪೆಟ್ರೋಲ್ ಮೇಲೆ 18.4.

● ಪಿಕಪ್‌ನ ಹಿಂಬಾಗಿಲು ಇಳಿಸಿಕೊಂಡು ಓಡಿಸಿದರೆ ಮೈಲೇಜ್ ಹೆಚ್ಚುವುದಿಲ್ಲ. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿಹೋಗುತ್ತದೆ.

● ಮೈಲೇಜ್ ಎಂಬ ಅಂಕಿಯೇ ಕಣ್ಣಿಗೆ ಮಣ್ಣೆರಚುತ್ತದೆ. ಟ್ರೈಲರ್ ಎಳೆಯುವಾಗ 9 ಇದ್ದದ್ದು 11 ಆಯಿತು, ಖಾಲಿ ಓಡುವಾಗ 18 ಇದ್ದದ್ದು 22 ಆಯಿತು ಎಂದುಕೊಳ್ಳಿ. ಯಾವುದರಲ್ಲಿ ಹೆಚ್ಚು ಡೀಸೆಲ್ ಉಳಿಯಿತು? ನಾಲ್ಕು ಮೈಲಿ ಏರಿದ್ದರಲ್ಲಿ ಎನ್ನುತ್ತದೆ ಮನಸ್ಸು. 1,000 ಮೈಲಿಗೆ ಲೆಕ್ಕ ಹಾಕಿ: 9ರಿಂದ 11ಕ್ಕೆ ಏರಿದಾಗ ಉಳಿದದ್ದು 20 ಗ್ಯಾಲನ್. 18ರಿಂದ 22ಕ್ಕೆ ಏರಿದಾಗ 10 ಗ್ಯಾಲನ್ ಮಾತ್ರ. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯ ಬಗ್ಗೆ ಬರೆದರು. ಟ್ರಕ್ಕಿನವರು ಇದನ್ನು ಮನದಟ್ಟು ಮಾಡಿಕೊಳ್ಳಬೇಕೆಂಬುದು ನನ್ನ ಆಸೆ. ‘ಎಳೆಯುವಾಗ ಹೇಗೂ ಮೈಲೇಜ್ ಇಲ್ಲ, ಒತ್ತು ಕಾಲನ್ನು’ ಎನ್ನುವವರು ಉಳಿತಾಯ ಎಲ್ಲಿ ಹೆಚ್ಚು ಇದೆಯೋ ಅಲ್ಲೇ ಕೈಬಿಡುತ್ತಿದ್ದಾರೆ.

● ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅಳತೆಯಲ್ಲ, ಅಂದಾಜು. ಖಚಿತವಾಗಿ ತಿಳಿಯಬೇಕಾದರೆ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಭಾಗಿಸುವುದೇ ದಾರಿ. ಅಲ್ಲೂ ಒಂದು ತೊಡಕಿದೆ. ಡೀಸೆಲ್ ನೊರೆಗಟ್ಟುತ್ತದೆ. ದೊಡ್ಡ ಲಾರಿಗಳ ವೇಗದ ಪಂಪಿನಲ್ಲಿ ತುಂಬಿದರೆ ಬಿಳಿ ನೊರೆ ಟ್ಯಾಂಕಿನ ಬಾಯಿಗೆ ಬಂದು, ಟಕ್ ಎಂದು ನಳಿಗೆ ನಿಲ್ಲುತ್ತದೆ. ಎರಡು ನಿಮಿಷ ಕಾದರೆ ನೊರೆ ಕೆಳಗಿಳಿದು ಇನ್ನೂ ಒಂದಷ್ಟು ಹಿಡಿಸುತ್ತದೆ. ಪ್ರತಿಸಲ ಒಂದೇ ಮಟ್ಟಕ್ಕೆ ತುಂಬದಿದ್ದರೆ ಲೆಕ್ಕ ಏರುಪೇರು. ಒಂದು ಟ್ಯಾಂಕಿನ ಅಂಕಿಗೆ ಹಿಗ್ಗಬೇಡಿ, ನಾಲ್ಕು ಟ್ಯಾಂಕಿನ ಸರಾಸರಿ ನೋಡಿ.

● ಟ್ರೈಲರಿನ ತಲೆಯನ್ನೇ ತಗ್ಗಿಸಿದರೆ? ಇಂಡಿಯಾನದ ಎಲ್ಖಾರ್ಟ್ ಸುತ್ತಮುತ್ತ ಅಮೆರಿಕದ ಟ್ರೈಲರ್‌ಗಳಲ್ಲಿ ಸಿಂಹಪಾಲು ತಯಾರಾಗುತ್ತದೆ. ಅಲ್ಲೇ ಹತ್ತಿರದ ಮಿಡಲ್‌ಬರಿಯಲ್ಲಿ 1968ರಲ್ಲಿ ಲಾಯ್ಡ್ ಬಾಂಟ್ರೇಗರ್ ಶುರುಮಾಡಿದ ಜೇಕೊ ಕಂಪನಿಯ ಮೊದಲ ದಿನಗಳ ಸರಕು, ಮಡಚಿ ಮೇಲೆತ್ತುವ ಟ್ರೈಲರ್. ಓಡುವಾಗ ಟ್ರಕ್ಕಿನ ಮರೆಯಲ್ಲಿ ಪೂರ್ತಿ ಅಡಗುವಷ್ಟು ಕುಳ್ಳು, ನಿಂತಮೇಲೆ ಎದ್ದು ನಿಲ್ಲುವ ಮನೆ. ಇಂಥದ್ದನ್ನು ಎಳೆದಾಗ ಬೀಳುವ ಮೈಲೇಜ್, ಎತ್ತರದ ಟ್ರೈಲರಿನಲ್ಲಿ ಬೀಳುವುದಕ್ಕಿಂತ ಬಹಳ ಕಡಿಮೆ.

● ತನ್ನನ್ನು ತಾನೇ ತಳ್ಳಿಕೊಳ್ಳುವ ಟ್ರೈಲರ್ ಕೂಡ ಬಂದಿದೆ. 2022ರಲ್ಲಿ ಏರ್‌ಸ್ಟ್ರೀಮ್ ತನ್ನ ‘ಈಸ್ಟ್ರೀಮ್’ ಮಾದರಿಯನ್ನು ತೋರಿಸಿತು. ಬ್ಯಾಟರಿ ಹಾಗೂ ಗಾಲಿ ತಿರುಗಿಸುವ ಮೋಟಾರು ಟ್ರೈಲರಿನಲ್ಲೇ. 2023ರಲ್ಲಿ ಕೊಲರಾಡೊದ ಲೈಟ್‌ಶಿಪ್ ಕಂಪನಿ ‘ಎಲ್1’ ತಂದಿತು. ಎಳೆಯುವ ಟ್ರಕ್ಕಿನ ಮೈಲೇಜ್ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಬೇಕೆಂಬುದು ಎರಡರ ಗುರಿ. ಅಷ್ಟು ದೊಡ್ಡ ಬ್ಯಾಟರಿ, ಮೋಟಾರು ಎಲ್ಲ ಇಟ್ಟ ಮೇಲೂ ಎಲ್1 ರಸ್ತೆಗಿಳಿಯುವ ಮುನ್ನ ತನ್ನ ಚಾವಣಿಯನ್ನು ಮೂರಡಿಯಷ್ಟು ಕೆಳಗಿಳಿಸಿಕೊಳ್ಳುತ್ತದೆ.